ಟೀಮ್ ಕಟ್ಟಿ ಜನ ಸೇರಿಸುವುದು: ಸರದಿ ಪುಸ್ತಕ ಮೊದಲು, ಲಿಂಕ್ ಆಮೇಲೆ

"ಒಬ್ಬನೇ ಎಷ್ಟು ಜನರಿಗೆ ಪ್ಲಾನ್ ಹೇಳಲಿ? ಗೋಣಿಕೊಪ್ಪದಲ್ಲಿ ಒಂದೇ ಕಂಪನಿಯವರು ನಾಲ್ಕು ಜನ ಇದ್ದೇವೆ. ಒಟ್ಟಿಗೆ ಹುಡುಕಿದರೆ ಆಗುವುದಿಲ್ಲವೇ? ಸಿಕ್ಕಿದವರನ್ನು ಯಾರ ಕೆಳಗೆ ಹಾಕುವುದು?" ನೇರ ಮಾರಾಟದ, ಅಂದರೆ ಸಾಮಾನು ಮಾರುತ್ತಾ ತಮ್ಮ ಕೆಳಗೆ ಜನರನ್ನೂ ಸೇರಿಸುವ ಮಲ್ಟಿಲೆವೆಲ್ ಮಾರ್ಕೆಟಿಂಗ್ ಕಂಪನಿಗಳಲ್ಲಿರುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳಿವು. ಪ್ಲಾನ್ ಎಂದರೆ ಯಾರಿಗೆ ಹೇಗೆ ಕಮಿಷನ್ ಸಿಗುತ್ತದೆ ಎಂಬ ಕಂಪನಿಯ ಲೆಕ್ಕ. ಒಟ್ಟಿಗೆ ಹುಡುಕಬಹುದು. ಜಗಳ ಹುಟ್ಟುವುದು ಕೊನೆಯ ಪ್ರಶ್ನೆಯಲ್ಲಿ. ಟೀಮಿಗೆ ಸಿಕ್ಕಿದ ಹೊಸ ಹೆಸರು ಈ ಸಲ ಯಾರಿಗೆ ಎಂಬುದೇ ಸರದಿ, ಅದನ್ನು ಬರೆದಿಡುವುದು ಸರದಿ ಪುಸ್ತಕ. ಕೊಡಗಿನಂಥ ಚಿಕ್ಕ ಜಿಲ್ಲೆಯಲ್ಲಿ ಟೀಮಿನವರೂ ನೆಂಟರೇ, ಸೇರುವವರೂ ನೆಂಟರೇ, ಬಿಟ್ಟು ಹೋದವರು ನಾಳೆ ಮದುವೆ ಮನೆಯಲ್ಲಿ ಎದುರಿಗೇ ಸಿಗುತ್ತಾರೆ. ಅದಕ್ಕಾಗಿ ಈ ಬರಹದಲ್ಲಿ ಜನರನ್ನು ಒಪ್ಪಿಸುವ ಮಾತಿನ ಚಾತುರ್ಯಕ್ಕಿಂತ ಲೆಕ್ಕ ಇಡುವ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಐದು ಪದ. ನಿಮ್ಮನ್ನು ಕಂಪನಿಗೆ ಸೇರಿಸಿದವರು ನಿಮ್ಮ ಸ್ಪಾನ್ಸರ್. ಅವರೂ ಅವರ ಮೇಲಿನವರೂ ಅಪ್‌ಲೈನ್. ನೀವು ಸೇರಿಸಿದವರು, ಅವರು ಸೇರಿಸಿದವರು ಎಲ್ಲ ನಿಮ್ಮ ಡೌನ್‌ಲೈನ್. ಒಂದೇ ಕಂಪನಿಯಲ್ಲಿದ್ದೂ ನಿಮ್ಮ ಮೇಲೂ ಇಲ್ಲದ, ಕೆಳಗೂ ಇಲ್ಲದ ಪಕ್ಕದ ಸಾಲಿನವರು ಕ್ರಾಸ್‌ಲೈನ್. ಸಾಮಾನಿನ ಮೇಲೆ ರೂಪಾಯಿ ಬೆಲೆಯ ಜೊತೆಗೆ ಕಂಪನಿ ಇಟ್ಟಿರುವ ಅಂಕಕ್ಕೆ ಬಿವಿ ಅಥವಾ ಪಿವಿ ಎನ್ನುತ್ತಾರೆ. ಕಮಿಷನ್ ಸಾಮಾನ್ಯವಾಗಿ ಈ ಅಂಕದ ಮೇಲೆ ಬರುತ್ತದೆ. 1,000 ರೂಪಾಯಿಯ ಸಾಮಾನಿಗೆ 400 ಬಿವಿ ಇದ್ದು ಕಮಿಷನ್ 10% ಎಂದರೆ ನಿಮಗೆ ಸಿಗುವುದು 40 ರೂಪಾಯಿ, 100 ಅಲ್ಲ. ಹೊಸಬರಿಗೆ ಹೇಳುವಾಗ ಹೆಚ್ಚಿನವರು ನುಂಗಿಬಿಡುವ ಮಾತು ಇದೇ.

ಕೈಯಲ್ಲಿ ಇರಬೇಕಾದದ್ದು

ಕಂಪನಿಯೊಡನೆ ಮಾಡಿಕೊಂಡ ಲಿಖಿತ ಒಪ್ಪಂದದ ಪ್ರತಿ, ಕಂಪನಿ ಕೊಟ್ಟ ಗುರುತಿನ ಚೀಟಿ, ಪ್ಲಾನಿನ ಪೂರ್ತಿ ಪಿಡಿಎಫ್ (ಅಪ್‌ಲೈನ್ ಕಳಿಸಿದ ಫೋಟೋ ಅಲ್ಲ, ಕಂಪನಿಯ ವೆಬ್‌ಸೈಟಿನಿಂದಲೇ ಇಳಿಸಿಕೊಂಡದ್ದು), ನಿಮ್ಮ ಕಳೆದ ಮೂರು ತಿಂಗಳ ಪೇಔಟ್ (ಕಂಪನಿ ಕೊಟ್ಟ ಕಮಿಷನ್) ಪಟ್ಟಿ, ಈ ಕೆಲಸಕ್ಕೆಂದೇ ಬೇರೆ ಒಂದು ಸಿಮ್, ಒಂದು ಗೂಗಲ್ ಶೀಟ್, ಜೊತೆಗೆ ಒಂದು ಉದ್ದ ನೋಟ್‌ಬುಕ್. ಶೀಟ್ ಇದ್ದ ಮೇಲೆ ಪುಸ್ತಕ ಏಕೆ ಎಂದರೆ, ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲೋ ನಾಪೋಕ್ಲುವಿನಲ್ಲೋ ಎರಡು ದಿನ ಕರೆಂಟ್, ಟವರ್ ಎರಡೂ ಹೋದಾಗ ಸರದಿ ಯಾರದ್ದೆಂದು ನೋಡಲು ಪುಸ್ತಕವೇ ಗತಿ.

ಹಂತ 1: ಕಂಪನಿಯನ್ನು ಜರಡಿ ಹಿಡಿಯಿರಿ

ಟೀಮ್ ಕಟ್ಟಿದ ಮೇಲೆ ಕಂಪನಿ ಮುಳುಗಿದರೆ ಜನ ಹುಡುಕಿಕೊಂಡು ಬರುವುದು ಕಂಪನಿಯ ಕಚೇರಿಗಲ್ಲ, ನಿಮ್ಮ ಅಂಗಳಕ್ಕೆ. ಅದಕ್ಕೇ ಈ ಹಂತವನ್ನು ಹಾರಿಸಬೇಡಿ.

ಕಾನೂನು ಎರಡು. 1978ರ ಪ್ರೈಜ್ ಚಿಟ್ಸ್ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆ: ಹೊಸಬರ ಹಣ ತೆಗೆದು ಹಳಬರಿಗೆ ಹಂಚುವ ಯೋಜನೆಯನ್ನು ನಡೆಸುವುದಷ್ಟೇ ಅಲ್ಲ, ಅದಕ್ಕೆ ಜನ ಸೇರಿಸುವುದೂ ಇದರಡಿ ಅಪರಾಧ, ಮೂರು ವರ್ಷದವರೆಗೆ ಜೈಲು ಇದೆ. "ನಾನು ಬರೀ ಏಜೆಂಟ್" ಎಂದರೆ ಬಿಡುಗಡೆ ಇಲ್ಲ. ಎರಡನೆಯದು 2021ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು. ಇವುಗಳ ಪ್ರಕಾರ ಕಂಪನಿಗೆ ಭಾರತದಲ್ಲಿ ನೋಂದಾಯಿತ ಕಚೇರಿ ಇರಬೇಕು, ನಿಮ್ಮೊಂದಿಗೆ ಮೊದಲೇ ಲಿಖಿತ ಒಪ್ಪಂದ ಆಗಬೇಕು, ನಿಮ್ಮ ಗುರುತು, ವಿಳಾಸ ಪರಿಶೀಲಿಸಿ ಗುರುತಿನ ಚೀಟಿ ಕೊಡಬೇಕು, ದೂರು ಕೇಳುವ ಅಧಿಕಾರಿಯ ಹೆಸರು ವೆಬ್‌ಸೈಟಿನಲ್ಲಿ ಇರಬೇಕು. ಪಿರಮಿಡ್ ಯೋಜನೆ (ಜನ ಸೇರಿಸಿದ್ದಕ್ಕೇ ಹಣ ಕೊಡುವಂಥದ್ದು) ನಡೆಸುವಂತಿಲ್ಲ. "ಇದನ್ನು ಕೊಂಡುಕೊಳ್ಳಿ, ಇನ್ನಿಬ್ಬರನ್ನು ತೋರಿಸಿಕೊಟ್ಟರೆ ನಿಮ್ಮ ದುಡ್ಡು ವಾಪಸ್" ಎಂದು ಗ್ರಾಹಕರಿಗೆ ಮಾರುವಂತಿಲ್ಲ.

ಇಷ್ಟೆಲ್ಲ ಓದುವ ಪುರುಸೊತ್ತಿಲ್ಲದಿದ್ದರೆ ಒಂದೇ ಪ್ರಶ್ನೆ ಸಾಕು: ಈ ತಿಂಗಳು ಹೊಸಬರು ಒಬ್ಬರೂ ಸೇರದಿದ್ದರೆ ಕಮಿಷನ್ ಬರುತ್ತದೆಯೇ? ಸಾಮಾನು ಮಾರಾಟವಾದಷ್ಟಕ್ಕೆ ಬರುತ್ತದೆ ಎಂದಾದರೆ ಮುಂದೆ ಓದಿ. ಬರುವುದಿಲ್ಲ ಎಂದರೆ ಟೀಮ್ ಕಟ್ಟಬೇಡಿ, ನೀವೂ ಹೊರಗೆ ಬನ್ನಿ. ಸಾಮಾನೇ ಇಲ್ಲದೆ "ಪ್ಯಾಕೇಜ್", "ಕಾಯಿನ್", "ಜಾಹೀರಾತು ನೋಡುವ ಕೆಲಸ" ಎಂದು ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್‌ಗಳೂ ಇದೇ ಲೆಕ್ಕದಲ್ಲಿ ಬಂದವು.

ಬರೀ ಜನ ಸೇರಿಸುವುದರ ಮೇಲೆ ನಿಂತದ್ದು ಏಕೆ ಬೀಳುತ್ತದೆ ಎಂಬುದಕ್ಕೆ ಜಿಲ್ಲೆಯ ಲೆಕ್ಕವನ್ನೇ ಹಾಕಿ ನೋಡಿ. ನೀವು ಇಬ್ಬರನ್ನು, ಅವರು ತಲಾ ಇಬ್ಬರನ್ನು ಸೇರಿಸುತ್ತಾ ಹೋದರೆ 10ನೇ ಸಾಲು ಮುಗಿಯುವಾಗ ಒಟ್ಟು 2,046 ಜನ. 18ನೇ ಸಾಲಿಗೆ 5,24,286. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ತೊಟ್ಟಿಲ ಮಗು, ಹಾಸಿಗೆ ಹಿಡಿದ ಅಜ್ಜ ಎಲ್ಲ ಸೇರಿ. ಆ ಕೊನೆಯ ಸಾಲು ಒಂದರಲ್ಲೇ 2,62,144 ಜನ ಇರುತ್ತಾರೆ, ಅರ್ಧಕ್ಕಿಂತ ಹೆಚ್ಚು, ಮತ್ತು ಅವರ ಕೆಳಗೆ ಒಬ್ಬರೂ ಇಲ್ಲ. ಇಬ್ಬರ ಬದಲು ಮೂವರನ್ನು ಸೇರಿಸುವ ಪ್ಲಾನಾದರೆ 12ನೇ ಸಾಲಿಗೇ ಜಿಲ್ಲೆ ಮುಗಿಯುತ್ತದೆ. ಕೊನೆಯ ಸಾಲಿನವರಿಗೂ ನಷ್ಟವಾಗದೆ ಉಳಿಯಬೇಕಾದರೆ ಅವರು ಕೊಟ್ಟ ದುಡ್ಡಿಗೆ ತಕ್ಕ ಸಾಮಾನು ಅವರ ಮನೆಯಲ್ಲಿ ಇರಬೇಕು. ಬೇರೆ ದಾರಿ ಇಲ್ಲ.

ಹಂತ 2: ಹೊಸಬರು ಎಲ್ಲಿ ಬೀಳುತ್ತಾರೆ ಎಂದು ನೋಡಿ

ಒಟ್ಟಾಗಿ ಜನ ಸೇರಿಸುವ ಟೀಮಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಪ್ಲಾನ್ ಯಾವ ಬಗೆಯದೋ ಹಂಚಿಕೆಯೂ ಆ ಬಗೆಯದಾಗಬೇಕು.

ಯೂನಿಲೆವೆಲ್ ಪ್ಲಾನಿನಲ್ಲಿ ನೀವು ಸೇರಿಸಿದವರೆಲ್ಲ ನಿಮ್ಮ ನೇರ ಕೆಳಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಎಷ್ಟು ಜನ ಬೇಕಾದರೂ. ಇಲ್ಲಿ ಸ್ಪಾನ್ಸರ್ ಯಾರೋ ಲಾಭ ಅವರದ್ದು ಮತ್ತು ಅವರ ಮೇಲಿನವರದ್ದು. ಪಕ್ಕದವರಿಗೆ ಚಿಕ್ಕಾಸೂ ಇಲ್ಲ. ಹಾಗಾಗಿ ಸರದಿ ಕಟ್ಟುನಿಟ್ಟಾಗಿರಬೇಕು.

ಮ್ಯಾಟ್ರಿಕ್ಸ್ ಪ್ಲಾನಿನಲ್ಲಿ ಒಬ್ಬರ ಕೆಳಗೆ ಇಷ್ಟೇ ಜನ ಎಂಬ ಮಿತಿ ಇದೆ. ಮೂರರ ಮಿತಿಯಾದರೆ ನೀವು ತಂದ ನಾಲ್ಕನೆಯವರು ನಿಮ್ಮ ಕೆಳಗಿನ ಒಬ್ಬರ ಅಡಿಗೆ ಹೋಗುತ್ತಾರೆ. ಇದಕ್ಕೆ ಸ್ಪಿಲ್‌ಓವರ್ ಎನ್ನುತ್ತಾರೆ. ಸೇರು ತುಂಬಿ ಚೆಲ್ಲಿದ ಭತ್ತ ಕೆಳಗಿನ ಮೊರಕ್ಕೆ ಬಿದ್ದಂತೆ. "ಸುಮ್ಮನೆ ಸೇರಿ, ಮೇಲಿನಿಂದ ತಾನೇ ಬೀಳುತ್ತದೆ" ಎಂದು ಹೊಸಬರಿಗೆ ಆಸೆ ತೋರಿಸುವುದು ಇದನ್ನೇ. ಮೇಲಿನವರು ಸೇರಿಸುವುದನ್ನು ನಿಲ್ಲಿಸಿದ ದಿನ ಬೀಳುವುದೂ ನಿಲ್ಲುತ್ತದೆ ಎಂಬುದನ್ನೂ ಜೊತೆಗೇ ಹೇಳಿ.

ಬೈನರಿಯಲ್ಲಿ ಎಡ, ಬಲ ಎರಡೇ ಕಾಲು. ಇವುಗಳಿಗೆ ಲೆಗ್ ಎನ್ನುತ್ತಾರೆ. ಎರಡೂ ಕಡೆಯ ಬಿವಿಯಲ್ಲಿ ಕಡಿಮೆ ಇರುವ ಕಡೆಗೆ ತಕ್ಕಂತೆ ಕಮಿಷನ್. ಎಡಕ್ಕೆ 5,000 ಬಿವಿ, ಬಲಕ್ಕೆ 2,000 ಬಿವಿ ಇದ್ದು ದರ 10% ಆದರೆ ಜೋಡಿಯಾಗುವುದು 2,000 ಮಾತ್ರ. ಬರುವುದು 200 ರೂಪಾಯಿ. ಉಳಿದ 3,000 ಮುಂದಿನ ವಾರಕ್ಕೆ ಹೋಗುತ್ತದೆಯೋ (ಕ್ಯಾರಿ ಫಾರ್ವರ್ಡ್), ಅಳಿಸಿ ಹೋಗುತ್ತದೆಯೋ (ಫ್ಲಶ್) ಎಂದು ಪಿಡಿಎಫ್‌ನಲ್ಲಿ ಹುಡುಕಿ. ವಾರಕ್ಕೆ ಇಂತಿಷ್ಟೇ ಎಂಬ ಕ್ಯಾಪಿಂಗ್ ಇದೆಯೇ ಎಂಬುದನ್ನೂ ನೋಡಿ. ಬೈನರಿಯಲ್ಲಿ ಸ್ಪಾನ್ಸರ್ ಒಬ್ಬರು, ಕೂರಿಸುವ ಜಾಗ ಇನ್ನೊಬ್ಬರ ಕೆಳಗೆ ಎಂದು ಮಾಡಲು ಹಲವು ಕಂಪನಿಗಳು ಬಿಡುತ್ತವೆ. ಟೀಮಾಗಿ ಸೇರಿಸುವವರಿಗೆ ಅನುಕೂಲ ಇಲ್ಲೇ, ಮೋಸಕ್ಕೆ ದಾರಿಯೂ ಇಲ್ಲೇ.

ಆ ಮೋಸಕ್ಕೆ ಪವರ್ ಲೆಗ್ ಎಂಬ ಚಂದದ ಹೆಸರಿದೆ. ಎಲ್ಲರೂ ಒಂದೇ ಉದ್ದ ಸಾಲಿನಲ್ಲಿ, ಹೊಸಬರು ಯಾವಾಗಲೂ ಕೊನೆಯವರ ಕೆಳಗೆ. "ನೋಡಿ, ನೀವು ಏನೂ ಮಾಡದೆ ನಿಮ್ಮ ಕೆಳಗೆ 40 ಜನ ಬಂದರು!" ಬಂದದ್ದು ನಿಜ, ಆದರೆ ಎಲ್ಲ ಒಂದೇ ಕಾಲಿಗೆ. ಇನ್ನೊಂದು ಕಾಲು ಖಾಲಿ ಇರುವತನಕ ಜೋಡಿಯೂ ಇಲ್ಲ, ಕಮಿಷನ್ನೂ ಇಲ್ಲ. ಆ ಖಾಲಿ ಕಾಲನ್ನು ತುಂಬಬೇಕಾದವರು ನೀವೊಬ್ಬರೇ. ಇಂಥ ಸಾಲಿಗೆ ಯಾರನ್ನಾದರೂ ಕರೆಯುವುದಾದರೆ ಮೊದಲ ದಿನವೇ ಎರಡೂ ಕಾಲಿನ ಚಿತ್ರ ಬರೆದು ತೋರಿಸಿ. ಚಿತ್ರ ನೋಡಿ ಎದ್ದು ಹೋಗುವವರು ಆಮೇಲಾದರೂ ಹೋಗುವವರೇ.

ಟೀಮಿನವರೆಲ್ಲ ಒಂದೇ ಅಪ್‌ಲೈನಿನ ಸಾಲಿನಲ್ಲಿ ಇದ್ದಾರೆಯೇ ಎಂಬುದನ್ನೂ ಈಗಲೇ ನೋಡಿ. ಕ್ರಾಸ್‌ಲೈನಿನವರು ಒಬ್ಬರಿಗೊಬ್ಬರು ಡೆಮೊ (ಸಾಮಾನು, ಪ್ಲಾನ್ ತೋರಿಸುವ ಸಭೆ) ನಡೆಸಿಕೊಡುವುದಕ್ಕೆ ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ. ಆದರೆ ಒಬ್ಬರ ಡೌನ್‌ಲೈನನ್ನು ಇನ್ನೊಬ್ಬರ ಕೆಳಗೆ ಎಳೆದುಕೊಳ್ಳುವುದನ್ನು ಕಂಪನಿಗಳ ಒಪ್ಪಂದಗಳು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಐಡಿ (ಕಂಪನಿಯ ಸದಸ್ಯ ಖಾತೆ) ನಿಂತು ಹೋಗುತ್ತದೆ, ಕಟ್ಟಿದ್ದ ಸಾಲೂ ಹೋಗುತ್ತದೆ.

ಹಂತ 3: ನಾಲ್ಕೈದು ಜನ, ಒಂದು ಹಾಳೆ

ನಾಲ್ಕರಿಂದ ಆರು ಜನ ಸಾಕು. ಏಳಾದರೆ ಸರದಿ ಬರುವಷ್ಟರಲ್ಲಿ ಉತ್ಸಾಹ ಆರಿರುತ್ತದೆ, ಮೂರಾದರೆ ಒಬ್ಬರ ಮನೆಯಲ್ಲಿ ಪುತ್ತರಿ ಹಬ್ಬ ಬಂತೆಂದರೆ ಕೆಲಸ ನಿಂತಿತು.

ಜನರನ್ನು ಆರಿಸುವಾಗ ನೆಂಟಸ್ತಿಕೆ ನೋಡಬೇಡಿ. ಊರು ಮತ್ತು ಭಾಷೆ ನೋಡಿ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ ಎಂದು ತಾಲ್ಲೂಕು ಐದು. ಮಾತು ಅದಕ್ಕಿಂತ ಹೆಚ್ಚು. ಕೊಡವ ತಕ್ಕ್ ಆಡುವವರೊಬ್ಬರು, ಅರೆಭಾಷೆಯವರೊಬ್ಬರು, ಸಿದ್ದಾಪುರ ಕಡೆಗೆ ಮಲಯಾಳ ಬಲ್ಲವರೊಬ್ಬರು, ಶನಿವಾರಸಂತೆ, ಕೊಡ್ಲಿಪೇಟೆ ಕಡೆಗೆ ಅಲ್ಲಿಯವರೇ ಒಬ್ಬರು ಇದ್ದರೆ ಒಂದೇ ಊರಿನ ನಾಲ್ವರು ಅಣ್ಣತಮ್ಮಂದಿರಿಗಿಂತ ಹೆಚ್ಚು ಕೆಲಸ ಆಗುತ್ತದೆ. ಒಂದೇ ಒಕ್ಕದ (ಮನೆತನದ) ನಾಲ್ವರು ಸೇರಿದರೆ ನಾಲ್ವರ ಕರೆಯುವ ಪಟ್ಟಿಯೂ ಒಂದೇ ಆಗಿರುತ್ತದೆ, ಮೊದಲ ವಾರವೇ ಖಾಲಿ.

ಕೆಲಸ ಹಂಚಿ: ಒಬ್ಬರು ಫೋನ್, ಒಬ್ಬರು ಡೆಮೊ, ಒಬ್ಬರು ಲೆಕ್ಕ. ಲೆಕ್ಕದವರ ಕೈಗೆ ಹಣ ಕೊಡಬೇಡಿ. ಹಣ ಇಟ್ಟುಕೊಳ್ಳುವವರು ಬೇರೆ, ಬರೆಯುವವರು ಬೇರೆ. ಸ್ತ್ರೀಶಕ್ತಿ ಸಂಘ ನಡೆಸಿದವರಿಗೆ ಇದು ಹೊಸದಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬರೆಯಬೇಕಾದದ್ದು: ಸರದಿಯ ಕ್ರಮ, ಸರದಿ ಯಾವಾಗ ಮುಗಿದಂತೆ, ಸ್ವಂತ ಪಟ್ಟಿಯವರು ಸರದಿಗೆ ಬರುವುದಿಲ್ಲ ಎಂಬುದು (ನಿಮ್ಮ ತಂಗಿ ನಿಮ್ಮ ಕೆಳಗೇ, ಸರದಿ ಯಾರದ್ದಿದ್ದರೂ), ಒಬ್ಬರು ಮಾತಾಡಿಸಿದವರನ್ನು 90 ದಿನ ಇನ್ನೊಬ್ಬರು ಮಾತಾಡಿಸುವಂತಿಲ್ಲ, ಜಾಹೀರಾತಿಗೆ ಯಾರದ್ದೆಷ್ಟು, ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು. "ನಾವು ನಾವೇ ಅಲ್ವಾ, ಬರೆಯುವುದೇನು" ಎನ್ನುವ ಟೀಮಿನಲ್ಲೇ ಈ ಹಾಳೆಯ ಅಗತ್ಯ ಹೆಚ್ಚು.

ಹಂತ 4: ಸರದಿ ಪುಸ್ತಕ

ಶೀಟಿನಲ್ಲಿ ಎಂಟು ಕಂಬಸಾಲು ಸಾಕು: ತಾರೀಕು, ಹೆಸರು, ಊರು, ಎಲ್ಲಿಂದ ಬಂದರು (ಜಾಹೀರಾತು, ಸಂತೆ, ಯಾರೋ ಹೇಳಿದ್ದು), ಸರದಿ ಯಾರದ್ದು, ಮೊದಲ ಫೋನ್ ಮಾಡಿದ ಹೊತ್ತು, ಡೆಮೊ ನೋಡಿದರೇ, ಕೊನೆಗೆ ಏನಾಯಿತು. ಫೋನ್ ನಂಬರ್ ಇದರಲ್ಲಿ ಬೇಡ. ಅದು ಸರದಿ ಇರುವವರ ಬಳಿ ಮಾತ್ರ ಇರಲಿ. ಎಲ್ಲರಿಗೂ ತೆರೆದಿರುವ ಶೀಟಿನಿಂದ ನಂಬರ್ ಬೇರೆ ಕಂಪನಿಯವರ ಕೈಗೆ ಜಾರಲು ಒಂದು ನಿಮಿಷ ಸಾಕು.

ಮೊದಲ ಫೋನಿಗೆ 48 ಗಂಟೆ ಗಡುವು. ಅಷ್ಟರಲ್ಲಿ ಮಾಡದಿದ್ದರೆ ಆ ಹೆಸರು ಮುಂದಿನವರಿಗೆ. ಸರದಿ ಮುಗಿಯುವುದು ನಂಬರ್ ಸಿಕ್ಕಾಗ ಅಲ್ಲ, ಆ ವ್ಯಕ್ತಿ ಡೆಮೊ ಪೂರ್ತಿ ನೋಡಿದಾಗ. ಈ ಒಂದು ನಿಯಮ ಇಲ್ಲದಿದ್ದರೆ ಮೂರು ತಪ್ಪು ನಂಬರ್ ಬಂದವರು "ನನಗೆ ಮೋಸವಾಯಿತು" ಎನ್ನುತ್ತಾರೆ, ಅವರು ಹೇಳುವುದೂ ಸರಿಯೇ. ಸೇರಿದಾಗ ಮಾತ್ರ ಸರದಿ ಮುಗಿಯಿತು ಎಂದಿಟ್ಟರೆ ಇನ್ನೊಂದು ತೊಂದರೆ: ಮಾತು ಬಾರದವರ ಬಳಿ ಸರದಿ ತಿಂಗಳುಗಟ್ಟಲೆ ಕೂತುಬಿಡುತ್ತದೆ.

ಶೀಟಿನ ಬದಲು ರೊಟೇಟರ್ ಬಳಸುವವರಿದ್ದಾರೆ. ಇದೊಂದು ಲಿಂಕ್, ಮೊದಲು ಒತ್ತಿದವರಿಗೆ ಒಬ್ಬ ಸದಸ್ಯರ ರೆಫರಲ್ ಪುಟ (ಅವರ ಕೆಳಗೆ ಸೇರುವ ಫಾರ್ಮ್ ಇರುವ ಪುಟ), ಎರಡನೆಯವರಿಗೆ ಇನ್ನೊಬ್ಬರ ಪುಟ ತೆರೆಯುತ್ತದೆ. ಕೇಳಲು ಸುಲಭ. ಕೆಡುವುದು ಹೀಗೆ: ಹೊಸಬರು ಹಿಂದೆಂದೋ ಬೇರೆಯವರ ಲಿಂಕ್ ಒತ್ತಿದ್ದರೆ ಅವರ ಫೋನಿನ ಬ್ರೌಸರಿನಲ್ಲಿ ಹಳೆಯ ಗುರುತು, ಅಂದರೆ ಕುಕೀ, ಉಳಿದಿರುತ್ತದೆ, ಫಾರ್ಮಿನಲ್ಲಿ ಹಳೆಯ ಸ್ಪಾನ್ಸರಿನ ಐಡಿಯೇ ತುಂಬಿಕೊಳ್ಳುತ್ತದೆ. ಜೊತೆಗೆ ಟೀಮಿನವರೇ ಪರೀಕ್ಷೆಗೆಂದು ಒತ್ತುವ ಪ್ರತಿ ಕ್ಲಿಕ್ಕೂ ಒಬ್ಬರ ಸರದಿ ತಿನ್ನುತ್ತದೆ. ಬಳಸಲೇಬೇಕೆಂದರೆ ಫಾರ್ಮನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಲು ಹೇಳಿ. ಸಲ್ಲಿಸುವ ಮೊದಲು ಸ್ಪಾನ್ಸರ್ ಹೆಸರು, ಬೈನರಿಯಾದರೆ ಎಡವೋ ಬಲವೋ ಎಂಬುದನ್ನೂ ಗಟ್ಟಿಯಾಗಿ ಓದಿಸಿ. ಐಡಿ ಹುಟ್ಟಿದ ಮೇಲೆ ಸ್ಪಾನ್ಸರ್ ಬದಲಾಯಿಸಲು ಕಂಪನಿಗಳು ಸುಲಭದಲ್ಲಿ ಒಪ್ಪುವುದಿಲ್ಲ. ಐದಾರು ಜನರ ಟೀಮಿಗೆ ನಮ್ಮ ಸಲಹೆ ಕೇಳಿದರೆ ರೊಟೇಟರ್ ಬೇಡ, ಪುಸ್ತಕವೇ ಇರಲಿ.

ಹಂತ 5: ಜಾಹೀರಾತಿನ ಹಣ

ನಾಲ್ವರು ತಲಾ 500 ಹಾಕಿದರೆ 2,000. ಇದರಲ್ಲಿ 18% ಜಿಎಸ್‌ಟಿ ಕಳೆದು ಜಾಹೀರಾತಿಗೆ ನಿಜವಾಗಿ ಸಿಗುವುದು ಸುಮಾರು 1,695. ದಿನಕ್ಕೆ 120ರಂತೆ 14 ದಿನ ಓಡುತ್ತದೆ. ಹಣ ಹಾಕದವರಿಗೆ ಜಾಹೀರಾತಿನಿಂದ ಬಂದ ಹೆಸರಿನಲ್ಲಿ ಸರದಿ ಇಲ್ಲ. ಎರಡು ಪಾಲು ಹಾಕಿದವರಿಗೆ ಎರಡು ಸರದಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ "ಮನೆಯಲ್ಲೇ ಕೂತು ತಿಂಗಳಿಗೆ 50,000" ಎಂಬ ಜಾಹೀರಾತು ಹಾಕಬೇಡಿ. ಇವುಗಳ ಒಡೆಯ ಕಂಪನಿ ಮೆಟಾದ ಜಾಹೀರಾತು ನೀತಿಯಲ್ಲಿ ಇಂಥ ಗಳಿಕೆಯ ಆಸೆ, ಮಲ್ಟಿಲೆವೆಲ್ ಮಾರ್ಕೆಟಿಂಗ್ ಸೇರಿದಂತೆ, ನಿಷಿದ್ಧ. ಹಾಕಿದರೆ ಜಾಹೀರಾತಿನ ಖಾತೆಗೇ ಬೀಗ ಬೀಳುತ್ತದೆ. ಸಾಮಾನಿನ ಜಾಹೀರಾತು ಹಾಕಿ, ಅದೂ ಕಂಪನಿ ಒಪ್ಪಿದ ಚಿತ್ರ, ಬರಹ ಬಳಸಿ. ಸಾಮಾನು ಕೊಂಡು ಮೆಚ್ಚಿದವರಲ್ಲೇ ಮಾರುವ ಮನಸ್ಸಿನವರು ಒಬ್ಬಿಬ್ಬರು ಸಿಗುತ್ತಾರೆ. ಕಡಿಮೆ ಸಿಗುತ್ತಾರೆ, ಆದರೆ ನಿಲ್ಲುತ್ತಾರೆ.

ಜಾಗ ಆರಿಸುವಾಗ ಮಡಿಕೇರಿ ಸುತ್ತ 40 ಕಿಲೋಮೀಟರ್ ಎಂದು ವೃತ್ತ ಎಳೆದರೆ ಜಿಲ್ಲೆಯ ಹೊರಗಿನ ಸುಳ್ಯ ಕಡೆಯ ಊರುಗಳು, ಬೈಲಕುಪ್ಪೆ ಎಲ್ಲ ಒಳಗೆ ಬರುತ್ತವೆ. ಅದಕ್ಕಿಂತ ದೊಡ್ಡ ಪೋಲು ಪ್ರವಾಸಿಗರು: ಆ ಜಾಗಕ್ಕೆ ಇತ್ತೀಚೆಗೆ ಬಂದುಹೋದವರಿಗೂ ಜಾಹೀರಾತು ಕಾಣುತ್ತದೆ. ಶನಿವಾರ, ಭಾನುವಾರ ರಾಜಾಸೀಟಿನಲ್ಲಿ ನಿಂತ ಬೆಂಗಳೂರಿನವರಿಗೆ ನಿಮ್ಮ ಹಣ ಖರ್ಚಾಗುವುದು ಬೇಡವೆಂದರೆ ಸೋಮವಾರ ಬೆಳಿಗ್ಗೆ ಶುರುಮಾಡಿ ಶುಕ್ರವಾರ ಸಂಜೆ ನಿಲ್ಲಿಸಿ, ಮೂರು ವಾರಕ್ಕೆ ಹಂಚಿ. ಜಾಹೀರಾತಿನ ಮೊದಲ ಸಾಲಿನಲ್ಲೇ ಊರುಗಳ ಹೆಸರು ಬರಲಿ. ಒತ್ತಿದವರು ವಾಟ್ಸ್‌ಆ್ಯಪ್‌ಗೆ ಬರುವಂತೆ ಇಟ್ಟು ಮೊದಲ ಪ್ರಶ್ನೆಯಾಗಿ ಊರು, ತಾಲ್ಲೂಕು ಕೇಳಿ. ಟೀಮಿನ ಆ ನಂಬರನ್ನು ಮುಖ್ಯ ಫೋನಿನ ಜೊತೆಗೆ ಇನ್ನು ನಾಲ್ಕು ಸಾಧನಗಳಿಗೆ ಜೋಡಿಸಬಹುದು. ಮುಖ್ಯ ಫೋನನ್ನು 14 ದಿನ ಮುಟ್ಟದೆ ಬಿಟ್ಟರೆ ಉಳಿದವು ತಾವಾಗಿಯೇ ಕಳಚಿಕೊಳ್ಳುತ್ತವೆ.

ಹಂತ 6: ಕರೆಯುವುದು, ತೋರಿಸುವುದು

"ಒಂದು ಒಳ್ಳೆ ವಿಷಯ ಇದೆ, ಫೋನಲ್ಲಿ ಹೇಳುವಂಥದ್ದಲ್ಲ, ಮನೆಗೆ ಬನ್ನಿ" ಎಂಬ ಹಳೆಯ ವರಸೆ ಬಿಟ್ಟುಬಿಡಿ. 2021ರ ನಿಯಮದಂತೆ ಮಾತು ಶುರುವಾಗುವಾಗಲೇ ನೀವು ಯಾರು, ಯಾವ ಕಂಪನಿ, ಏನು ಸಾಮಾನು, ಏಕೆ ಬಂದಿದ್ದೀರಿ ಎಂದು ಹೇಳಬೇಕು. ಮನೆಗೆ ಹೋಗುವುದಾದರೆ ಮೊದಲೇ ಕೇಳಿರಬೇಕು, ಗುರುತಿನ ಚೀಟಿ ಜೊತೆಗಿರಬೇಕು. ಹೀಗೆ ಬರೆಯಬಹುದು:

"ನಮಸ್ಕಾರ ಅಕ್ಕ, ನಾನು ಮೂರ್ನಾಡಿನ ___. ___ ಕಂಪನಿಯ ಸಾಮಾನು ಮಾರುತ್ತೇನೆ, ಬೆಲೆಪಟ್ಟಿ ಕೆಳಗಿದೆ. ಇಷ್ಟವಾದರೆ ಮಾರುವ ಕೆಲಸಕ್ಕೂ ಸೇರಬಹುದು, ಸೇರಲೇಬೇಕು ಎಂದೇನಿಲ್ಲ. ಬುಧವಾರ ರಾತ್ರಿ 8ಕ್ಕೆ ಅರ್ಧ ಗಂಟೆ ಆನ್‌ಲೈನಿನಲ್ಲಿ ತೋರಿಸುತ್ತೇವೆ. ಲಿಂಕ್ ಕಳಿಸಲಾ? ಬೇಡ ಅಂದರೆ ಬೇಸರವಿಲ್ಲ, ಮತ್ತೆ ಕೇಳುವುದಿಲ್ಲ."

ಕೇಳದೆ ಗ್ರೂಪಿಗೆ ಎಳೆದುಹಾಕಬೇಡಿ. ನಾಲ್ಕು ಜನ ರಿಪೋರ್ಟ್ ಒತ್ತಿದರೆ ನಂಬರೇ ನಿಂತುಹೋಗಬಹುದು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಹಾಕಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. "200 ಜನಕ್ಕೆ ಕಳಿಸಿದೆ, ಒಬ್ಬರೂ ನೋಡಲಿಲ್ಲ" ಎಂಬ ದೂರಿಗೆ ಮುಕ್ಕಾಲು ಪಾಲು ಕಾರಣ ಇದು.

ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ ಒಂದು ಗಂಟೆ. 30 ನಿಮಿಷಕ್ಕೆ ಕಟ್ಟಿಕೊಳ್ಳಿ: ಸಾಮಾನಿಗೆ 12, ಬೆಲೆ ಮತ್ತು ವಾಪಸಾತಿಗೆ 5, ಪ್ಲಾನಿಗೆ 5, ಪ್ರಶ್ನೆಗೆ 8. ಪ್ಲಾನಿನ ಭಾಗ ಸಾಮಾನಿನ ಭಾಗಕ್ಕಿಂತ ಉದ್ದವಾಯಿತೆಂದರೆ ನೀವು ಏನು ಮಾರುತ್ತಿದ್ದೀರಿ ಎಂಬುದು ಎದುರಿನವರಿಗೆ ಗೊತ್ತಾಗಿಬಿಡುತ್ತದೆ. ಗಳಿಕೆ ಕೇಳಿದರೆ ಅಪ್‌ಲೈನಿನ ಚೆಕ್ಕಿನ ಫೋಟೋ ತೋರಿಸಬೇಡಿ. ನಿಮ್ಮದೇ ಮೂರು ತಿಂಗಳ ಪೇಔಟ್ ತೋರಿಸಿ, ಖರ್ಚಿನ ಸಮೇತ.

ಹೊತ್ತು ನೋಡಿ ಕರೆಯಿರಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ಹಣ್ಣು ತೂಗಿ, ಲೆಕ್ಕ ಮುಗಿಸಿ ಬರುವವರನ್ನು ಸಂಜೆ 6ಕ್ಕೆ ಕರೆದರೆ ಯಾರೂ ಬರುವುದಿಲ್ಲ, 8ರ ಮೇಲೆ ಕರೆಯಿರಿ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳ ವಾರಗಳನ್ನು ಬಿಟ್ಟುಬಿಡಿ. ಮಳೆಗಾಲದ ಮೂರು ತಿಂಗಳು ನೇರ ಸಭೆಯ ಬದಲು ನಾಲ್ಕು ನಿಮಿಷದ ಚಿಕ್ಕ ವಿಡಿಯೋ ಮಾಡಿ, ಕಡಿಮೆ ಗುಣಮಟ್ಟದಲ್ಲಿ ಉಳಿಸಿ ಕಳಿಸಿ; ಸಿಗ್ನಲ್ ಬಂದಾಗ ನೋಡುತ್ತಾರೆ.

ಕಾಯಿಲೆಯ ಮಾತು ಎತ್ತಲೇಬೇಡಿ. "ಈ ಪುಡಿ ಕುಡಿದರೆ ಶುಗರ್ ಹೋಗುತ್ತದೆ" ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ವಿರುದ್ಧ. ಅಪ್‌ಲೈನ್ ಕಳಿಸಿದ್ದನ್ನು ಬರೀ ಫಾರ್ವರ್ಡ್ ಮಾಡಿದೆ ಎಂದರೂ ಸ್ಟೇಟಸ್ ನಿಮ್ಮದೇ. ತಿನ್ನುವ ಸಾಮಾನಿನ ಡಬ್ಬಿಯಲ್ಲಿ ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯೇ ಎಂದು ನೋಡಿ.

ಹಂತ 7: ಸೇರುವ ದಿನ ಮತ್ತು ಮೊದಲ ತಿಂಗಳು

ಹೊಸಬರು ತಮ್ಮ ಫೋನಿನಲ್ಲಿ ತಾವೇ ಫಾರ್ಮ್ ತುಂಬಲಿ. ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ. ಒಟಿಪಿ, ಪಾಸ್‌ವರ್ಡ್ ಅವರದ್ದೇ. "ನಾನೇ ಮಾಡಿಕೊಡುತ್ತೇನೆ, ಒಟಿಪಿ ಹೇಳಿ" ಎಂದು ಐಡಿ ತೆರೆದು ಕೊನೆಗೆ ಪೇಔಟ್ ಎಲ್ಲಿಗೆ ಹೋಯಿತೆಂಬ ಜಗಳಕ್ಕೆ ಸಿಕ್ಕಿದ ಟೀಮುಗಳಿಗೆ ಲೆಕ್ಕವಿಲ್ಲ. ಹಣವೂ ನೇರ ಕಂಪನಿಯ ಖಾತೆಗೆ ಹೋಗಬೇಕು. ಟೀಮಿನ ಯಾರ ಫೋನ್‌ಪೇಗೂ, ಗೂಗಲ್‌ಪೇಗೂ ಒಂದು ರೂಪಾಯಿಯೂ ಬರಬಾರದು. ಬಂದರೆ ನಾಳೆ ಪೊಲೀಸರು ಮೊದಲು ನೋಡುವುದು ಆ ಖಾತೆಯನ್ನೇ.

ಮೊದಲ ಆರ್ಡರ್ ಮನೆಗೆ ಬೇಕಾದಷ್ಟೇ ಇರಲಿ. ಸಂಘದ ಸಾಲ ತೆಗೆದು, ಒಡವೆ ಇಟ್ಟು ಆರ್ಡರ್ ಹಾಕುತ್ತೇನೆ ಎನ್ನುವವರನ್ನು ಸೇರಿಸಬೇಡಿ. ವಾರವಾರ ಕಂತು ಕಟ್ಟುವ, ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸಿಗೆ ಹಣ ಬರುವುದು ಎರಡು ವಾರ ತಡವಾದರೂ ಹೊರೆ. ರ‍್ಯಾಂಕ್ (ಕಂಪನಿ ಕೊಡುವ ದರ್ಜೆ) ಉಳಿಸಿಕೊಳ್ಳಲು ತಿಂಗಳ ಕೊನೆಯಲ್ಲಿ ಬೇಡದ ಸಾಮಾನು ಕೊಳ್ಳುವ ಚಾಳಿಯನ್ನು ನೀವೂ ಕಲಿಸಬೇಡಿ. ದಾಸ್ತಾನು ಇಡುವುದು ನಮ್ಮ ಹವೆಗೂ ಹೇಳಿಮಾಡಿಸಿದ್ದಲ್ಲ: ಜೂನ್‌ನಿಂದ ಆಗಸ್ಟ್‌ವರೆಗಿನ ತೇವಕ್ಕೆ ಮುಚ್ಚಳ ತೆರೆದ ಪ್ರೋಟೀನ್ ಪುಡಿ ಕಲ್ಲಾಗುತ್ತದೆ, ಸೋಪಿನ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ.

ಒಪ್ಪಂದದಲ್ಲಿ ಕೂಲಿಂಗ್ ಆಫ್ ಅವಧಿ ಎಷ್ಟು ದಿನ ಎಂದು ಹೊಸಬರಿಗೆ ತೋರಿಸಿ, ತಾರೀಕು ಬರೆದುಕೊಡಿ. ಅಷ್ಟು ದಿನದೊಳಗೆ ದಂಡವಿಲ್ಲದೆ ಒಪ್ಪಂದದಿಂದ ಹೊರಬರಬಹುದು. ಬರೆದುಕೊಟ್ಟರೆ ಓಡಿಹೋಗುತ್ತಾರೆ ಎಂದು ಹೆದರುವ ಟೀಮು ಮೊದಲೇ ಏನನ್ನೋ ಮುಚ್ಚಿಟ್ಟಿರುತ್ತದೆ.

ಪಾರ್ಸೆಲ್ ವಿಷಯ. ತೋಟದ ಒಳಗಿನ ಮನೆಗೆ ಕೊರಿಯರ್ ಹೋಗುವುದಿಲ್ಲ. ಪೇಟೆಯ ಅಂಗಡಿಯ ವಿಳಾಸ ಕೊಡಿ. ಕೊರಿಯರ್ ಖರ್ಚು ಉಳಿಸಲೆಂದು ನಾಲ್ವರ ಆರ್ಡರನ್ನು ಒಬ್ಬರ ಐಡಿಯಲ್ಲಿ ಹಾಕಿದರೆ ಬಿವಿ ಎಲ್ಲ ಆ ಒಬ್ಬರಿಗೇ ಬೀಳುತ್ತದೆ. ಉಳಿತಾಯ 60 ರೂಪಾಯಿ, ಮುನಿಸು ಆರು ತಿಂಗಳು.

ಮೊದಲ 30 ದಿನದ ಗುರಿ ಜನ ಸೇರಿಸುವುದಲ್ಲ, ಸೇರದೆ ಬರೀ ಸಾಮಾನು ಕೊಳ್ಳುವ ಐದು ಗ್ರಾಹಕರನ್ನು ಹುಡುಕುವುದು. ತಿಂಗಳ ಕೊನೆಗೆ ಹೊಸಬರ ಜೊತೆ ಕೂತು ಲೆಕ್ಕ ಬರೆಯಿರಿ. ಉದಾಹರಣೆಗೆ 6,000 ರೂಪಾಯಿ ಮಾರಾಟಕ್ಕೆ 15% ಲಾಭವೆಂದರೆ 900. ಬಸ್ಸು, ಕೊರಿಯರ್ 250, ಡೇಟಾ 300, ಜಾಹೀರಾತಿನ ಪಾಲು 500. ಒಟ್ಟು ಖರ್ಚು 1,050. ಕೈಯಿಂದ ಹೋದದ್ದು 150. ಜಾಹೀರಾತಿನ ಪಾಲನ್ನು ಬಿಟ್ಟರೆ 350 ಉಳಿಯುತ್ತಿತ್ತು. ಹೀಗಾಗಿ ಹೊಸಬರನ್ನು ಮೊದಲ ಎರಡು ತಿಂಗಳು ಜಾಹೀರಾತಿನ ಪಾಲಿಗೆ ಸೇರಿಸಬೇಡಿ.

ಹಂತ 8: ತೆರಿಗೆ, ದೂರು

ಕಮಿಷನ್ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕಂಪನಿ 2% ಟಿಡಿಎಸ್ ಹಿಡಿಯುತ್ತದೆ. ಪ್ಯಾನ್ ಕೊಡದಿದ್ದರೆ 20%. ರಿಟರ್ನ್ ಹಾಕಿದರೆ ಹೆಚ್ಚು ಹಿಡಿದದ್ದು ವಾಪಸ್ ಬರುತ್ತದೆ. ಕಮಿಷನ್, ಸ್ವಂತ ಮಾರಾಟ ಎಲ್ಲ ಸೇರಿದ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿಯ ಚಿಂತೆ.

ಗ್ರಾಹಕರ ದೂರು ಮೊದಲು ಕಂಪನಿಯ ದೂರು ಅಧಿಕಾರಿಗೆ, ಬರಹದಲ್ಲಿ. 48 ಕೆಲಸದ ಗಂಟೆಗಳೊಳಗೆ ಸ್ವೀಕೃತಿ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಎಂದು ನಿಯಮ. ದೂರಿನ ಟಿಕೆಟ್ ಸಂಖ್ಯೆಯನ್ನು ಸರದಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ಹಣ ಲಪಟಾಯಿಸಿದ್ದರೆ ಕಂಪನಿಯ ಉತ್ತರಕ್ಕೆ ಕಾಯದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲು ತಡೆಹಿಡಿಯಲು ಆಗುವುದು ಮೊದಲ ಕೆಲವು ಗಂಟೆಗಳಲ್ಲಿ.

ಹಂತ 9: ಒಬ್ಬರು ಟೀಮ್ ಬಿಟ್ಟಾಗ

ಬಿಡುವವರು ಇದ್ದೇ ಇರುತ್ತಾರೆ. ಅವರ ಕೆಳಗಿನ ಐಡಿಗಳು ಅವರವೇ, ಟೀಮಿನದ್ದಲ್ಲ, ಕೇಳಬೇಡಿ. ಜಾಹೀರಾತಿನ ಹಣದಲ್ಲಿ ಖರ್ಚಾಗದೆ ಉಳಿದ ಪಾಲನ್ನು ಅದೇ ವಾರ ಕೊಟ್ಟು ಪುಸ್ತಕದಲ್ಲಿ ಸಹಿ ಹಾಕಿಸಿ. ಗ್ರೂಪಿನ ಅಡ್ಮಿನ್ ಅವರೊಬ್ಬರೇ ಆಗಿದ್ದರೆ ಹೊರಡುವ ಮೊದಲು ಇನ್ನಿಬ್ಬರನ್ನು ಅಡ್ಮಿನ್ ಮಾಡಿಸಿಕೊಳ್ಳಿ. ಟೀಮಿನ ವಾಟ್ಸ್‌ಆ್ಯಪ್ ಅವರ ಫೋನಿಗೆ ಜೋಡಿಸಿದ್ದರೆ ಜೋಡಿಸಿದ ಸಾಧನಗಳ ಪಟ್ಟಿಯಿಂದ ಕಳಚಿ, ಶೀಟಿನ ಅನುಮತಿ ತೆಗೆಯಿರಿ. ಅವರು ಮಾತಾಡಿಸಿ 90 ದಿನ ತುಂಬದ ಹೆಸರುಗಳಿದ್ದರೆ ಪಟ್ಟಿ ಮಾಡಿ, ಯಾರ್ಯಾರನ್ನು ಟೀಮಿಗೆ ಬಿಟ್ಟುಕೊಡುತ್ತಾರೆ ಎಂದು ಅವರಿಂದಲೇ ಗೆರೆ ಹೊಡೆಸಿ. ಗೆರೆ ಬೀಳದ ಹೆಸರುಗಳಿಗೆ ಗಡುವು ಮುಗಿಯುವತನಕ ಯಾರೂ ಫೋನ್ ಮಾಡುವಂತಿಲ್ಲ.